ಹರಿಯುವ ಸ್ಫಟಿಕಗಳು

ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾಗುವ ಹೊತ್ತಿಗೆ ಗಟ್ಟಿ ಮೊಸರಾಗಿರುತ್ತದೆ. ಪಾತ್ರೆಯನ್ನು ಸ್ವಲ್ಪ ಓರೆ ಮಾಡಿದರೂ ಅದು ಹರಿಯುವುದಿಲ್ಲ. ಸೌಟು ತಾಗಿದೊಡನೆ ಮಾತ್ರ ಒಡೆಯುತ್ತದೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರಿದೆ. ಹೆಪ್ಪು ಹಾಕಿದ್ದರಿಂದ ಆ ನೀರೇನೂ ಕಡಿಮೆಯಾಗಿಲ್ಲ. ಹುಳಿಯೇರಿದಂತೆ, ಹಾಲಿನಲ್ಲಿ ಮೂರು ಪಾಲಿನಷ್ಟಿರುವ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿ ಬಲೆಯಾಗಿ ಹೆಣೆದುಕೊಳ್ಳುತ್ತವೆ. ಅಷ್ಟು ನೀರೂ ಆ ಬಲೆಯಲ್ಲಿ ಸಿಕ್ಕಿ ನಿಲ್ಲುತ್ತದೆ. ಹಾಗಾದರೆ ಮೊಸರನ್ನು ಘನವೆನ್ನಬೇಕೆ, ದ್ರವವೆನ್ನಬೇಕೆ?

ಸಾಬೂನಿನ ನೊರೆ, ಅಂಟು, ರಬ್ಬರು, ಬೆಣ್ಣೆ, ಜೀವಕೋಶವನ್ನು ಸುತ್ತುವರಿದ ಪೊರೆ, ಇವುಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಭೌತವಿಜ್ಞಾನಿಗಳು ಇಂಥ ವಸ್ತುಗಳನ್ನೆಲ್ಲ ಒಟ್ಟಾಗಿ 'ಮೃದುದ್ರವ್ಯ' ಎಂದು ಕರೆಯುತ್ತಾರೆ. ಕಬ್ಬಿಣದಲ್ಲಿ ಪರಮಾಣುಗಳು ಬಿಗಿಯಾಗಿ ಬಂಧಿತವಾಗಿವೆ. ನಮ್ಮ ಸುತ್ತಲಿನ ಸಾಧಾರಣ ಶಾಖವು ಆ ಬಂಧನವನ್ನು ಕದಲಿಸಲಾರದು. ಮೃದುದ್ರವ್ಯದ ಘಟಕಗಳನ್ನು ಹಿಡಿದಿಟ್ಟಿರುವ ಬಲಗಳಾದರೋ ಬಹಳ ದುರ್ಬಲವಾದವು. ಸಾಧಾರಣ ಶಾಖದಿಂದುಂಟಾಗುವ ಅಣುಗಳ ತಳ್ಳಾಟಕ್ಕೂ ಅವುಗಳಿಗೂ ಹೆಚ್ಚಿನ ಅಂತರವಿಲ್ಲ. ಆದುದರಿಂದಲೇ ಇಲ್ಲಿ ಅಲ್ಪ ಕಾರಣದಿಂದ ದೊಡ್ಡ ಮಾರ್ಪಾಟು ಆಗಿಬಿಡುತ್ತದೆ. 1991ರ ನೊಬೆಲ್ ಪಾರಿತೋಷಕವನ್ನು ಪಡೆದ ಫ್ರಾನ್ಸಿನ ವಿಜ್ಞಾನಿ ಪಿಯರ್ ಜಿಲ್ ದ ಜೆನ್ ತಮ್ಮ ನೊಬೆಲ್ ಉಪನ್ಯಾಸಕ್ಕೆ 'ಮೃದುದ್ರವ್ಯ' ಎಂಬ ಹೆಸರನ್ನೇ ಇಟ್ಟು, ಅದರಲ್ಲಿ ರಬ್ಬರಿನ ನಿದರ್ಶನವನ್ನು ಕೊಟ್ಟರು. ಮರದ ಹಾಲಿನಲ್ಲಿ ಸುಮಾರು ಇನ್ನೂರು ಇಂಗಾಲದ ಪರಮಾಣುಗಳಿಗೆ ಒಂದರಂತೆ ಗಂಧಕದ ಪರಮಾಣು ಸೇರಿದರೆ ಸಾಕು, ಹರಿಯುವ ವಸ್ತು ಎಳೆದರೂ ಮರಳಿ ಮೊದಲಿನ ಆಕಾರಕ್ಕೆ ಬರುವ ರಬ್ಬರಾಗುತ್ತದೆ.

ದ ಜೆನ್ ಅವರಿಗೆ ಕೀರ್ತಿ ತಂದ ವಿಷಯಗಳಲ್ಲಿ ದ್ರವಸ್ಫಟಿಕವೂ ಒಂದು. ಮೃದುದ್ರವ್ಯಗಳ ಪೈಕಿ ಇದರ ಚರಿತ್ರೆಯಷ್ಟು ವಾದವಿವಾದಗಳಿಂದ ಕೂಡಿದ ಚರಿತ್ರೆ ಬೇರೊಂದಿರಲಾರದು. ಹೆಸರೇ ವಿರೋಧಾಭಾಸದಂತೆ ತೋರುತ್ತದೆ. ಸ್ಫಟಿಕವೆಂದರೆ ಕಲ್ಲುಸಕ್ಕರೆಯಂತೆ, ಉಪ್ಪಿನ ಹರಳಿನಂತೆ ಅಚ್ಚುಕಟ್ಟಾದ ಘನ. ಅದು ಹರಿಯುವುದೆಂದರೇನು?

1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟೆರಾಲಿಗೆ ಸಂಬಂಧಿಸಿದ ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ಸಂಯುಕ್ತವನ್ನು ಕಾಯಿಸಿ ನೋಡುತ್ತಿದ್ದನು. ಶುದ್ಧವಸ್ತುವೊಂದಕ್ಕೆ ಒಂದೇ ದ್ರವನಬಿಂದುವಿರುತ್ತದೆಂಬುದು ಅಂದಿನ ತಿಳಿವಳಿಕೆ. ಆದರೆ ಈ ವಸ್ತು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬುಮಬ್ಬಾದ ದ್ರವವಾಯಿತು, 178.5 ಡಿಗ್ರಿಯನ್ನು ಮುಟ್ಟಿದಾಗ ಆ ಮಬ್ಬು ಥಟ್ಟನೆ ಮಾಯವಾಗಿ ದ್ರವವು ತಿಳಿಯಾಯಿತು. ತಣಿಸಿದಾಗ ನೀಲಿ ಮತ್ತು ನೇರಳೆಯ ಛಾಯೆಗಳು ಮಿನುಗಿ, ಮಬ್ಬು ಮತ್ತೆ ಮರಳಿತು. ಎರಡು ದ್ರವನಬಿಂದುಗಳುಳ್ಳ ವಸ್ತುವೇ? ಕಲ್ಮಷವಿದ್ದೀತೆಂದು ಆ ಪುಡಿಯನ್ನು ಚೆಲ್ಲಿಬಿಡುವುದು ಸುಲಭವಾಗಿತ್ತು. ರೈನಿಟ್ಸರ್ ಹಾಗೆ ಮಾಡಲಿಲ್ಲ. ಶಾಖವನ್ನು ಕೊಡುತ್ತಲೇ ವಸ್ತುವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದರಲ್ಲಿ ನಿಪುಣನಾಗಿದ್ದ ಜರ್ಮನಿಯ ಒಟ್ಟೊ ಲೇಮನ್ನನಿಗೆ ಪತ್ರ ಬರೆದು, ವಸ್ತುವಿನ ಮಾದರಿಯನ್ನೂ ಕಳುಹಿಸಿದನು. ಲೇಮನ್ ಕಂಡದ್ದು ದ್ರವದಂತೆ ಹರಿಯುತ್ತಿದ್ದರೂ ಬೆಳಕಿನ ಮಟ್ಟಿಗೆ ಸ್ಫಟಿಕದಂತೆ ವರ್ತಿಸುವ ವಸ್ತುವನ್ನು. 1889ರಲ್ಲಿ ಅವನು ಅದನ್ನು 'ಹರಿಯುವ ಸ್ಫಟಿಕ'ವೆಂದು ಕರೆದನು.

ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಗುಸ್ಟಾವ್ ಟಾಮ್ಮನ್‌ನಂಥ ಹೆಸರಾಂತ ರಸಾಯನವಿಜ್ಞಾನಿಯೇ, ಇದು ಒಂದರಲ್ಲೊಂದು ಬೆರೆಯದ ಎರಡು ವಸ್ತುಗಳ ಮಿಶ್ರಣ, ಹಾಲಿನಂತೆ ಮಬ್ಬಾಗಿರುವುದು ಅದರಿಂದಲೇ ಎಂದು ವಾದಿಸಿದನು. ಮಾತು ತರ್ಕಬದ್ಧವಾಗಿಯೇ ಇತ್ತು. ಆದರೆ ಕಲ್ಮಷವೇ ಕಾರಣವಾಗಿದ್ದರೆ ವಸ್ತುವನ್ನು ಶುದ್ಧೀಕರಿಸಿದಂತೆಲ್ಲ ಮಬ್ಬು ಕಡಿಮೆಯಾಗಬೇಕಿತ್ತು, ಹಾಗಾಗಲಿಲ್ಲ. ವಿವಾದ ಮಾತ್ರ ದಶಕಗಳ ಕಾಲ ಮುಂದುವರಿಯಿತು. ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಸೂಚಿತನಾಗಿದ್ದ ಲೇಮನ್ ಅದನ್ನು ಪಡೆಯದೆಯೇ 1922ರಲ್ಲಿ ತೀರಿಕೊಂಡನು.

ಈ ಸ್ಥಿತಿಯ ಮರ್ಮ ಅಣುಗಳ ಜೋಡಣೆಯಲ್ಲಿದೆ. ಘನಸ್ಫಟಿಕದಲ್ಲಿ ಪ್ರತಿಯೊಂದು ಅಣುವಿಗೂ ಗೊತ್ತಾದ ಸ್ಥಾನವುಂಟು; ಮುಖ ಮಾಡಬೇಕಾದ ಗೊತ್ತಾದ ದಿಕ್ಕೂ ಉಂಟು. ಸಾಮಾನ್ಯ ವಸ್ತು ಕರಗಿದಾಗ ಈ ಎರಡು ಕಟ್ಟಳೆಗಳೂ ಒಮ್ಮೆಲೇ ಅಳಿಯುತ್ತವೆ. ಅಣುಗಳು ಕೋಲಿನಂತೆ ಉದ್ದವಾಗಿದ್ದರೆ ಮೊದಲು ಸ್ಥಾನದ ಕಟ್ಟಳೆ ಮಾತ್ರ ಸಡಿಲವಾಗಿ, ದಿಕ್ಕಿನ ಕಟ್ಟಳೆ ಉಳಿದುಕೊಳ್ಳಬಹುದು. ಹೊಳೆಯಲ್ಲಿ ತೇಲಿಬಿಟ್ಟ ಬಿದಿರುಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಯಾವ ಬಿದಿರು ಎಲ್ಲಿರುತ್ತದೆಂದು ಹೇಳಲಾಗದು, ಆದರೂ ಅವು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಚಾಚಿಕೊಂಡಿರುತ್ತವೆ. ವ್ಯತ್ಯಾಸವಿಷ್ಟೆ: ಬಿದಿರನ್ನು ಹೊಳೆಯ ಸೆಳೆತ ಸಾಲಾಗಿಸುತ್ತದೆ, ಅಣುಗಳಾದರೋ ಪರಸ್ಪರ ಪ್ರಭಾವದಿಂದ ತಾವಾಗಿಯೇ ಸಾಲುಗೊಳ್ಳುತ್ತವೆ. ಈ ದಿಕ್ಕು ಎಡೆಯಿಂದೆಡೆಗೆ ಸ್ವಲ್ಪಸ್ವಲ್ಪವಾಗಿ ಓಲಾಡುವುದರಿಂದ ಬೆಳಕು ಚದುರಿ ದ್ರವವು ಮಬ್ಬಾಗಿ ಕಾಣುತ್ತದೆ. ರೈನಿಟ್ಸರ್ ಕಂಡ ಮಬ್ಬಿನ ಕಾರಣ ಇದೇ.

ಸಾಲುಗೊಂಡ ಅಣುಗಳನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ. ಕೆಲವೇ ಸಾವಿರಾಂಶ ಮಿಲಿಮೀಟರಿನಷ್ಟು ಎಡೆಬಿಟ್ಟು ಜೋಡಿಸಿದ ಎರಡು ಗಾಜಿನ ಫಲಕಗಳ ನಡುವೆ ದ್ರವಸ್ಫಟಿಕವನ್ನು ತುಂಬಿ, ಒಂದು ಫಲಕದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಣುಗಳ ದಿಕ್ಕು ಕಾಲುಸುತ್ತು ತಿರುಚಿಕೊಳ್ಳುವಂತೆ ಮಾಡುತ್ತಾರೆ. ಹೊರಬದಿಗಳಲ್ಲಿ ಒಂದೊಂದು ಧ್ರುವೀಕಾರಕವಿರುತ್ತದೆ. ಅದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ. ಪರಸ್ಪರ ಲಂಬವಾಗಿರಿಸಿದ ಎರಡು ಧ್ರುವೀಕಾರಕಗಳ ಮೂಲಕ ಬೆಳಕು ಹಾಯಬಾರದು. ಆದರೆ ತಿರುಚಿದ ಅಣುಗಳೊಡನೆ ಬೆಳಕಿನ ಕಂಪನವೂ ತಿರುಗುವುದರಿಂದ ಅದು ಹಾಯುತ್ತದೆ. ಒಂದೆರಡು ವೋಲ್ಟುಗಳ ವಿದ್ಯುತ್ತನ್ನು ಕೊಟ್ಟೊಡನೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಚು ಬಿಚ್ಚುತ್ತದೆ, ಅಷ್ಟು ಭಾಗ ಕಪ್ಪಾಗುತ್ತದೆ. ಕೈಗಡಿಯಾರದ ಅಂಕಿಗಳು ಮೂಡುವುದು ಹೀಗೆ. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ಮತ್ತು ಸಂಗಡಿಗರು ಸಾಧಾರಣ ಉಷ್ಣತೆಯಲ್ಲಿಯೇ ಸ್ಥಿರವಾಗಿ ಉಳಿಯುವ ದ್ರವಸ್ಫಟಿಕಗಳನ್ನು ತಯಾರಿಸಿದ ಮೇಲೆ ಇಂಥ ಉಪಕರಣಗಳು ಮನೆಮನೆಗೆ ಬಂದವು.

ಇಷ್ಟೆಲ್ಲ ಆದರೂ ಒಂದು ನಂಬಿಕೆ ಹಾಗೆಯೇ ಉಳಿದಿತ್ತು. ದ್ರವಸ್ಫಟಿಕವಾಗಬೇಕಾದರೆ ಅಣು ನೀಳವಾಗಿರಬೇಕು ಎಂಬುದನ್ನು ಜರ್ಮನಿಯ ಫೋರ್ಲೆಂಡರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಿಯಮವಾಗಿ ಹೇಳಿದ್ದನು. ಆ ನಂಬಿಕೆಯ ಮಿತಿಯನ್ನು ತೋರಿಸಿಕೊಟ್ಟ ಕೆಲಸ ನಡೆದದ್ದು ಬೆಂಗಳೂರಿನಲ್ಲಿ.

ಎಸ್. ಚಂದ್ರಶೇಖರ್ ಸರ್ ಸಿ. ವಿ. ರಾಮನ್ ಅವರ ತಂಗಿಯ ಮಗ. 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ರಾಮನ್ನರ ಅಣ್ಣನ ಮಗ. ಹೆಸರೂ ಮನೆತನವೂ ಒಂದೇ ಆದುದರಿಂದ ಇವರಿಬ್ಬರನ್ನು ಒಬ್ಬರೆಂದೇ ಭಾವಿಸುವವರು ಇಂದಿಗೂ ಇದ್ದಾರೆ. ಚಂದ್ರಶೇಖರರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ದ್ರವಸ್ಫಟಿಕಗಳ ಅಧ್ಯಯನವನ್ನು ಅಲ್ಲಿಯೇ ಆರಂಭಿಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿ, ಅಲ್ಲಿ ಅದಕ್ಕಾಗಿಯೇ ಪ್ರಯೋಗಾಲಯವೊಂದನ್ನು ಕಟ್ಟಿದರು. ಕೋಲುಗಳು ಸಾಲುಗೊಳ್ಳುವುದಾದರೆ ತಟ್ಟೆಗಳೇಕೆ ಸಾಲುಗೊಳ್ಳಬಾರದು? ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಚಂದ್ರಶೇಖರರು ಪರೀಕ್ಷೆಗೆ ಆರಿಸಿಕೊಂಡದ್ದು ಚಪ್ಪಟೆಯಾದ ಬೆಂಜೀನ್ ಉಂಗುರದ ಸುತ್ತ ಆರು ಸರಪಳಿಗಳನ್ನು ಚಾಚಿಕೊಂಡ ಅಣುಗಳನ್ನು. ಕೆಲವೇ ಡಿಗ್ರಿಗಳ ಅಂತರದಲ್ಲಾದರೂ, ಘನಕ್ಕೂ ತಿಳಿದ್ರವಕ್ಕೂ ನಡುವಣ ಸ್ಥಿತಿಯೊಂದು ನಿಸ್ಸಂದೇಹವಾಗಿ ಕಾಣಿಸಿತು. ಅಣುಗಳು ಪೇರಿಸಿಟ್ಟ ನಾಣ್ಯಗಳಂತೆ ಕಂಬಗಳಾಗಿ ನಿಲ್ಲುತ್ತವೆ, ಆ ಕಂಬಗಳು ಜೇನುಗೂಡಿನ ಕೋಣೆಗಳಂತೆ ಷಟ್ಕೋನ ಕ್ರಮದಲ್ಲಿ ಹೊಂದಿಕೊಳ್ಳುತ್ತವೆ ಎಂದು ಕ್ಷಕಿರಣಗಳ ಅಧ್ಯಯನದಿಂದ ತಿಳಿದುಬಂತು. ಕಂಬದೊಳಗಿನ ತಟ್ಟೆಗಳಿಗೆ ಮಾತ್ರ ಸಮನಾದ ಅಂತರವಿರಲಿಲ್ಲ. ಅಂದರೆ ಆ ವಸ್ತು ಎರಡು ದಿಕ್ಕುಗಳಲ್ಲಿ ಸ್ಫಟಿಕ, ಮೂರನೆಯ ದಿಕ್ಕಿನಲ್ಲಿ ದ್ರವ! ಕೆಲವೇ ಪುಟಗಳ ಆ ಲೇಖನ 1977ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಅಚ್ಚಾಯಿತು. ವಿದೇಶದ ಪತ್ರಿಕೆಯಲ್ಲಿ ಬಂದರೆ ಮಾತ್ರ ಜಗತ್ತು ಗಮನಿಸುತ್ತದೆಂಬ ಮಾತು ಈ ಲೇಖನದ ಮಟ್ಟಿಗೆ ನಿಜವಾಗಲಿಲ್ಲ. ತಟ್ಟೆಯಾಕಾರದ ಅಣುಗಳ ಸಂಶೋಧನೆ ಹಲವು ದೇಶಗಳಲ್ಲಿ ಬೆಳೆಯಿತು.

ಚಂದ್ರಶೇಖರರು 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರಕ್ಕೆ ಈಗ ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವೆಂಬ ಹೆಸರಿದೆ. ಅವರು 2004ರಲ್ಲಿ ನಿಧನರಾದರು. ಕೋಲಿನಾಕಾರದ ಅಣುಗಳಿಂದಾದ ಪರದೆಯನ್ನು ಓರೆಯಾಗಿ ನೋಡಿದರೆ ಚಿತ್ರ ಮಸುಕಾಗುವುದೊಂದು ಕೊರತೆಯಾಗಿತ್ತು. ಬೆಳಕಿನ ಮೇಲೆ ತಟ್ಟೆಯಾಕಾರದ ಅಣುಗಳ ಪರಿಣಾಮ ಕೋಲಿನಾಕಾರದವುಗಳದಕ್ಕೆ ವಿರುದ್ಧವಾದುದು. ಆದುದರಿಂದ ಅಂಥ ಅಣುಗಳ ತೆಳುಪೊರೆಯೊಂದನ್ನು ಪರದೆಗೆ ಹಚ್ಚಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದರು.