ಸಾಲಕ್ಕೆ ಮಾನ ಒತ್ತೆಯಲ್ಲ



ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ರಾಮನಗರ ದಾಟಿದ ಮೇಲೆ, ಘಟ್ಟ ಇಳಿಯುವ ಮೊದಲು ಸಿಗುವ ಊರು ಅನಮೋಡ. ಜೋಯಿಡಾ ತಾಲೂಕಿನ ಈ ಗಡಿಯೂರಿನ ಸುತ್ತ ಕಾಡೇ ಹೆಚ್ಚು. ಇಂಥ ಕಡೆ ಮಳೆ ಹಿಡಿದರೆ ಕೂಲಿ ನಿಲ್ಲುತ್ತದೆ. 2025ರ ಜುಲೈಯಲ್ಲಿ ಅನಮೋಡ ಘಟ್ಟದ ರಸ್ತೆಯ ಒಂದು ಭಾಗ ಕುಸಿದಾಗ ಭಾರಿ ವಾಹನಗಳ ಸಂಚಾರಕ್ಕೂ ತಡೆ ಬಿದ್ದಿತ್ತು. ರಸ್ತೆಯನ್ನೇ ನಂಬಿದವರ ಸಂಪಾದನೆಗೆ ಇಂಥ ದಿನಗಳಲ್ಲಿ ಪೆಟ್ಟು ಬೀಳುತ್ತದೆ. ಆದರೆ ಸಂಘದ ಸಾಲದ ವಾರದ ಕಂತಿಗೆ ಮಳೆಯಿಲ್ಲ, ರಜೆಯಿಲ್ಲ.

ಕಂತು ತಪ್ಪಿದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರಗೆ ಬೈಕು ನಿಂತ ಸದ್ದಾಗುತ್ತದೆ. ತಾಯಿ ಒಳಕೋಣೆ ಸೇರಿ ಮಗುವಿಗೆ ಸನ್ನೆ ಮಾಡುತ್ತಾಳೆ. ಮಗು ಬಾಗಿಲಿಗೆ ಬಂದು, ‘ಅಮ್ಮಿ ಮನೆಯಲ್ಲಿಲ್ಲ’ ಎನ್ನುತ್ತದೆ. ಸುಳ್ಳಾಡಬಾರದೆಂದು ಮದ್ರಸದಲ್ಲಿ ಬೆಳಿಗ್ಗೆಯಷ್ಟೇ ಕಲಿತು ಬಂದ ಮಗು ಅದು!

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದ ಭಾರದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಇದನ್ನು ಇಷ್ಟೊಂದು ಬೇಡುವುದೇಕೆಂದು ಕೇಳಿದಾಗ, ಸಾಲಗಾರನಾದವನು ಮಾತನಾಡುವಾಗ ಸುಳ್ಳಾಡುತ್ತಾನೆ, ವಚನ ಕೊಟ್ಟರೆ ಮುರಿಯುತ್ತಾನೆ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರೆಂದು ಬುಖಾರಿಯಲ್ಲಿದೆ. ಸಾಲವು ಕಿಸೆಯನ್ನು ಬರಿದು ಮಾಡುವುದಲ್ಲದೆ ನಾಲಿಗೆಯನ್ನೂ ಕೆಡಿಸುತ್ತದೆ. ವಸೂಲಿಗಾರನ ಕಿರುಕುಳವು ಅದನ್ನು ಇನ್ನಷ್ಟು ಬೇಗ ಕೆಡಿಸುತ್ತದೆ.

ಕೇಳುವವನ ಹಕ್ಕು, ಕೊಡುವವನ ಹೊಣೆ

ಮೊದಲು ನಮ್ಮ ಹೊಣೆಯನ್ನು ನೋಡೋಣ. ಪಡೆದ ಸಾಲವು ಅಮಾನತ್ತಿನಂತೆ. ಸಾಮರ್ಥ್ಯವಿದ್ದೂ ತೀರಿಸದೆ ಮುಂದೂಡುವುದು ಅನ್ಯಾಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಸಾಲ ಉಳಿಸಿ ತೀರಿಹೋದವರೊಬ್ಬರ ಜನಾಝ ನಮಾಝನ್ನು, ಹ. ಅಬೂ ಕತಾದಾ(ರ) ಆ ಸಾಲವನ್ನು ತಮ್ಮ ಮೇಲೆ ವಹಿಸಿಕೊಳ್ಳುವವರೆಗೆ ಪ್ರವಾದಿವರ್ಯರು(ಸ) ನಿರ್ವಹಿಸಲಿಲ್ಲ. ಆದ್ದರಿಂದ ಕಾನೂನು ನಮ್ಮ ಪರವಾಗಿದೆ ಎಂದುಕೊಂಡು ಸಾಲವನ್ನೇ ನುಂಗಲು ಹೊರಡುವವನು ವಿಶ್ವಾಸಿಯ ದಾರಿಯಲ್ಲಿಲ್ಲ.

ಬಾಕಿ ಕೇಳುವುದು ಸಾಲಿಗನ ಹಕ್ಕು. ಒಬ್ಬಾತ ಪ್ರವಾದಿವರ್ಯರ(ಸ) ಬಳಿ ಬಂದು ತನಗೆ ಬರಬೇಕಾದ ಒಂಟೆಯನ್ನು ಒರಟಾಗಿ ಕೇಳಿದನು. ಸಹಾಬಿಗಳು ಸಿಟ್ಟಾದರು. ಪ್ರವಾದಿ(ಸ) ಅವರನ್ನು ತಡೆದು, ಹಕ್ಕುದಾರನಿಗೆ ಮಾತನಾಡುವ ಹಕ್ಕಿದೆ ಎಂದು ತಿಳಿಸಿ, ಆತನಿಗೆ ಇನ್ನೂ ಉತ್ತಮವಾದ ಒಂಟೆಯನ್ನು ಕೊಡಿಸಿದರು.

ಆದರೆ ಈ ಹಕ್ಕಿಗೆ ಗಡಿಯಿದೆ. ಅಲ್‌ಬಕರಾ ಅಧ್ಯಾಯದ 280ನೆಯ ಸೂಕ್ತವು, ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಆಜ್ಞಾಪಿಸುತ್ತದೆ. ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆನ್ನುತ್ತದೆ. ಬಡ್ಡಿಯನ್ನು ನಿಷೇಧಿಸುವ ಸೂಕ್ತಗಳ ಬೆನ್ನಿಗೇ ಈ ಆಜ್ಞೆ ಬಂದಿರುವುದನ್ನು ಗಮನಿಸಿರಿ. ‘ಬಡ್ಡಿಯ ಸಾಲ ತಂದರಲ್ಲ, ಅನುಭವಿಸಲಿ’ ಎಂದು ನಮ್ಮಲ್ಲಿ ಕೆಲವರು ಕೈತೊಳೆದುಕೊಳ್ಳುವುದುಂಟು. ಬಡ್ಡಿಯು ಹರಾಮ್ ಎಂಬುದು ನಿಜ. ಒಬ್ಬರ ತಪ್ಪು ಇನ್ನೊಬ್ಬರ ದಬ್ಬಾಳಿಕೆಯನ್ನು ಹಲಾಲ್ ಮಾಡುವುದಿಲ್ಲವೆಂಬುದೂ ಅಷ್ಟೇ ನಿಜ.

ಕಿರುಕುಳವನ್ನು ಗುರುತಿಸುವುದು

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ಬೆಳಗಾವಿ, ಹಾವೇರಿ ಮುಂತಾದ ಜಿಲ್ಲೆಗಳಿಂದ ಕಿರುಸಾಲ ವಸೂಲಿಯ ಕಿರುಕುಳದ ದೂರುಗಳು ಒಂದರ ಮೇಲೊಂದು ಬಂದವು. ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ನಮಗೂ ಹಕ್ಕುಗಳಿವೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು?

ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕು ಕಿರುಸಾಲವೆಂದು ಕರೆಯುತ್ತದೆ. ಇದಕ್ಕಾಗಿ ಅದು 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳಂತೆ ಈ ಕೆಳಗಿನವು ನಿಷಿದ್ಧ:

1. ಬೆದರಿಸುವುದು, ಅವಾಚ್ಯವಾಗಿ ಮಾತನಾಡುವುದು.
2. ಮೇಲಿಂದ ಮೇಲೆ ಫೋನ್ ಮಾಡುವುದು. ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವುದು.
3. ನೆಂಟರನ್ನು, ಸ್ನೇಹಿತರನ್ನು, ಜೊತೆಯಲ್ಲಿ ದುಡಿಯುವವರನ್ನು ಪೀಡಿಸುವುದು.
4. ಬಾಕಿದಾರರ ಹೆಸರನ್ನು ಬಹಿರಂಗವಾಗಿ ಪ್ರಕಟಿಸುವುದು.
5. ಸಾಲಗಾರನಿಗೆ, ಮನೆಯವರಿಗೆ, ಆಸ್ತಿಗೆ ಅಥವಾ ಮಾನಕ್ಕೆ ಹಾನಿ ಮಾಡುವುದು, ಮಾಡುವೆನೆಂದು ಹೆದರಿಸುವುದು.
6. ಬಾಕಿ ಎಷ್ಟು, ಕಟ್ಟದಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ ಸುಳ್ಳು ಹೇಳುವುದು.

ವಸೂಲಿಯು ಎರಡೂ ಕಡೆಯವರು ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರನು ಎರಡು ಅಥವಾ ಹೆಚ್ಚು ಬಾರಿ ಸತತವಾಗಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಸ್ಥಳಕ್ಕೋ ಬರಬಹುದು. ‘ನಾಳೆಯೇ ಪೊಲೀಸರು ಎಳೆದೊಯ್ಯುತ್ತಾರೆ’ ಎಂಬ ಮಾತಿಗೆ ಹೆದರಬೇಡಿ. ಕಷ್ಟದಿಂದ ಕಂತು ತಪ್ಪುವುದೊಂದೇ ಅಪರಾಧವಲ್ಲ. ಅದು ಸಿವಿಲ್ ವ್ಯವಹಾರ. ಆದರೆ ಚೆಕ್ಕು ಕೊಟ್ಟು ಅದು ಹಣವಿಲ್ಲದೆ ಮರಳಿದರೆ ಮೊಕದ್ದಮೆಯಾಗಬಹುದು. ಆದ್ದರಿಂದ ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.

ನಮ್ಮ ಬೀದಿಯಲ್ಲೇ ಇರುವ ಕಿರುಕುಳ

ಇನ್ನೊಂದು ಕಿರುಕುಳವಿದೆ. ಅದನ್ನು ಗುರುತಿಸುವುದು ಕಷ್ಟ. ಏಕೆಂದರೆ ಅದರಲ್ಲಿ ನಾವೇ ಇರುತ್ತೇವೆ. ಗುಂಪು ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಹೊರೆ ಉಳಿದವರ ಮೇಲೆ ಬೀಳುತ್ತದೆ. ಆಗ ಗುಂಪಿನ ಹೆಂಗಸರನ್ನೇ ಕರೆದೊಯ್ದು ಆಕೆಯ ಹೊಸ್ತಿಲಲ್ಲಿ ಕೂರಿಸುವುದುಂಟು. ನಿನ್ನೆ ಮದುವೆ ಮನೆಯಲ್ಲಿ ಜೊತೆಗೆ ಈರುಳ್ಳಿ ಹೆಚ್ಚಿದವರು ಇಂದು ಬೀದಿಯಲ್ಲಿ ನಿಂತು ಆಕೆಯ ಮಾನ ಹರಾಜು ಹಾಕುತ್ತಾರೆ. ಬೈಕಿನಲ್ಲಿ ಬಂದವನು ಸಂಜೆಗೆ ಹೊರಟುಹೋಗುತ್ತಾನೆ. ನೆರೆಯವರ ನಡುವಿನ ಹಗೆ ಉಳಿಯುತ್ತದೆ.

ಸಹೋದರಿಯರೇ, ನಿಮ್ಮ ತಲೆಯ ಮೇಲೂ ಹೊರೆಯಿದೆಯೆಂಬುದು ನಿಜ. ಆಕೆಯನ್ನು ಕಂಡು ಕೇಳಿರಿ. ಆದರೆ ಒಬ್ಬೊಬ್ಬರಾಗಿ, ಮನೆಯೊಳಗೆ ಕುಳಿತು ಕೇಳಿರಿ. ಇತರರ ಪರವಾಗಿ ಆಕೆಯ ಮನೆ ಮುಂದೆ ಗುಂಪು ಸೇರಲಾರೆವೆಂದು ವಸೂಲಿಗಾರನಿಗೆ ಒಟ್ಟಾಗಿ ಹೇಳಿರಿ. ಸಾಲಕ್ಕೆ ಜಾಮೀನು ನಿಂತಿದ್ದೀರಿ. ಅವಮಾನ ಮಾಡಲು ಯಾರಿಗೂ ಜಾಮೀನು ನಿಂತಿಲ್ಲ.

ತಡೆಯುವ ಬಗೆ

ಮೊದಲನೆಯದಾಗಿ, ಅಡಗಬೇಡಿ. ಬಾಗಿಲಿಗೆ ಬಂದು, ‘ಈ ವಾರ ಇಲ್ಲ, ಇಂತಿಷ್ಟು ಇಂಥ ದಿನ ಕೊಡಬಲ್ಲೆ’ ಎಂದು ನಿಜವನ್ನೇ ಹೇಳಿರಿ. ಕೈಲಾಗದ ತಾರೀಖು ಕೊಡಬೇಡಿ. ಅದೇ ಮಾತನ್ನು ಸಂಸ್ಥೆಗೆ ಬರಹದಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳಿರಿ. ಸಾಲವನ್ನು ಬರೆದಿಡಬೇಕೆಂದು 282ನೆಯ ಸೂಕ್ತವು ಕಲಿಸಿದೆಯಲ್ಲವೇ?

ಎರಡನೆಯದಾಗಿ, ಬಂದವನ ಗುರುತಿನ ಚೀಟಿ ನೋಡಿರಿ. ಸಾಲದ ಕಾರ್ಡಿನಲ್ಲಿ ಕಂತು ಬರೆಸಿಕೊಳ್ಳಿರಿ, ರಸೀದಿ ಕೇಳಿರಿ. ಬೆದರಿಕೆಯ ದಿನ, ಹೊತ್ತು, ಆಡಿದ ಮಾತು, ಕಂಡ ಸಾಕ್ಷಿಗಳು, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಫೋನಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ.

ಮೂರನೆಯದಾಗಿ, ದೂರು ಕೊಡಿರಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯಾದರೆ ಮೊದಲು ಅದರ ದೂರು ಅಧಿಕಾರಿಗೆ ಬರೆಯಿರಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಹೊಡೆತ, ಬೆದರಿಕೆ, ಮನೆಗೆ ನುಗ್ಗುವಿಕೆ ನಡೆದರೆ ಕಾಯಬೇಡಿ. 112ಕ್ಕೆ ಕರೆ ಮಾಡಿರಿ, ಠಾಣೆಗೆ ಹೋಗಿರಿ. ಅನಮೋಡದ ಕಡೆಯವರಿಗೆ ರಾಮನಗರದ ಠಾಣೆಯಿದೆ.

ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ಹೊರಡಿಸಿತು. ಮಾರ್ಚ್ ತಿಂಗಳಲ್ಲಿ ವಿಧಾನಮಂಡಲವು ಅದರ ಮಸೂದೆಯನ್ನು ಅಂಗೀಕರಿಸಿತು. 6 ತಿಂಗಳಿಂದ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿ ಹೇಳಿರುವ ಶಿಕ್ಷೆ. ಅದರಂತೆ ಪೊಲೀಸರು ದೂರನ್ನು ದಾಖಲಿಸಲು ನಿರಾಕರಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗಬೇಕು. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ಜಮಾಅತಿನ ಪಾಲು

ಹ. ಕಅಬ್ ಬಿನ್ ಮಾಲಿಕ್(ರ) ಒಮ್ಮೆ ಮಸೀದಿಯಲ್ಲೇ ಇಬ್ನು ಅಬೀ ಹದ್ರದ್‌ರಿಂದ(ರ) ತಮಗೆ ಬರಬೇಕಾದ ಸಾಲ ಕೇಳಿದರು. ಇಬ್ಬರ ದನಿಯೂ ಏರಿತು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಪರದೆ ಸರಿಸಿ ಹೊರಬಂದರು. ಅರ್ಧ ಬಿಟ್ಟುಬಿಡಿರೆಂದು ಕಅಬ್‌ರಿಗೆ(ರ) ಸನ್ನೆ ಮಾಡಿದರು. ಅವರು ಒಪ್ಪಿದೊಡನೆ, ಎದ್ದು ಉಳಿದದ್ದನ್ನು ತೀರಿಸಿಬಿಡಿರೆಂದು ಸಾಲಗಾರನಿಗೆ ಹೇಳಿದರು. ಕೇಳುವವನಿಗೆ ಕರುಣೆಯ ಪಾಠ, ಕೊಡುವವನಿಗೆ ಹೊಣೆಯ ಪಾಠ, ಎರಡೂ ಒಂದೇ ಗಳಿಗೆಯಲ್ಲಿ!

ನಮ್ಮ ಮೊಹಲ್ಲಾಗಳಲ್ಲಿ ದನಿ ಏರಿದಾಗ ಪರದೆ ಸರಿಸಿ ಹೊರಬರುವವರು ಯಾರು? ನಾವು ಕಿಟಕಿಯಿಂದ ನೋಡಿ ಪರದೆ ಎಳೆದುಕೊಳ್ಳುತ್ತೇವೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರೆಂದು ಅತ್ತೌಬ ಅಧ್ಯಾಯದ 60ನೆಯ ಸೂಕ್ತ ಹೇಳುತ್ತದೆ. ರಮಝಾನಿನಲ್ಲಿ ಝಕಾತ್ ಲೆಕ್ಕ ಹಾಕುವಾಗ ಬೀದಿಯಲ್ಲಿ ಬೀಗ ಬಿದ್ದಿರುವ ಮನೆ ಯಾವುದೆಂದೂ ನೋಡಿರಿ. ಮಸೀದಿಯ ಕಮಿಟಿಯು ಬಡ್ಡಿಯಿಲ್ಲದ ಒಂದು ಸಣ್ಣ ಸಾಲನಿಧಿಯನ್ನು ಆರಂಭಿಸಲಿ. ವಸೂಲಿಗಾರ ಬಂದಾಗ ಇಬ್ಬರು ಹಿರಿಯರು ಆ ಮನೆಯಂಗಳದಲ್ಲಿ ಸುಮ್ಮನೆ ನಿಂತರೂ ಸಾಕು, ಮಾತಿನ ಧಾಟಿ ಬದಲಾಗುತ್ತದೆ. ಆ ಮನೆ ಹಿಂದೂ ನೆರೆಯವರದಾದರೂ ಹೋಗಿ ನಿಲ್ಲಿರಿ. ನೆರೆಯವರ ಹಕ್ಕಿಗೆ ಧರ್ಮದ ಗೋಡೆಯಿಲ್ಲ.

ಹಾಗಾದಾಗ ಆ ತಾಯಿ ತಾನೇ ಬಾಗಿಲು ತೆರೆದಾಳು. ಮಗು ಸುಳ್ಳಾಡಬೇಕಾಗಿ ಬಾರದು. ಅಲ್ಲಾಹನು ಸಾಲದ ಭಾರದಿಂದಲೂ ಜನರ ದಬ್ಬಾಳಿಕೆಯಿಂದಲೂ ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.