ಗಟ್ಟಿತನವೋ, ಗಡುವೋ?
(ಕಂಪ್ಯೂಟರ್ ಅಭ್ಯಾಸ ಪಾಠ)



ಕಂಪ್ಯೂಟರಿನ ಭಾಗಗಳನ್ನೂ ಅದರಲ್ಲಿ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಯಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವುಳ್ಳವರಲ್ಲಿ ಹಲವರು ಲಿನಕ್ಸ್ ಕಡೆಗೆ ನೋಡುತ್ತಿದ್ದಾರೆ. ಇದರ ಮೂಲ ಬರಹವು ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಲಿನಕ್ಸಿನಲ್ಲಿ ಬಗೆಗಳು ಹಲವು. ಆರಿಸುವ ಮುನ್ನ, ಅವು ಯಾವ ನಿಯಮದಿಂದ ಹೊರಬೀಳುತ್ತವೆ ಎಂಬುದನ್ನು ತಿಳಿಯುವುದು ಅವಶ್ಯ.

ತೊಡಕು ಎಲ್ಲಿದೆ?

ನಾಸಿಕದ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರಿಗೆ ಇದು ಹೊಸ ಮಾತಲ್ಲ. ಹುಳಿಯಿದ್ದಾಗಲೇ ಕೊಯ್ದ ದ್ರಾಕ್ಷಿ ಪೆಟ್ಟಿಗೆಯಲ್ಲಿ ಹಣ್ಣಾಗುವುದಿಲ್ಲ. ಇನ್ನೂ ಸಿಹಿಯಾಗಲೆಂದು ಕಾದರೆ ಅಕಾಲ ಮಳೆ ಬಂದು ಹಣ್ಣು ಸೀಳುವುದುಂಟು. ತಂತ್ರಾಂಶವೂ ಹಾಗೆಯೇ. ಅವಸರದಿಂದ ಬಿಟ್ಟರೆ ದೋಷಗಳು ಬಳಸುವವನ ತಲೆಯ ಮೇಲೆ ಬೀಳುತ್ತವೆ. ತೀರ ತಡಮಾಡಿದರೆ ಹೊಸ ಯಂತ್ರಗಳಿಗೆ ಅದು ಒಗ್ಗದೆ ಹೋಗುತ್ತದೆ.

ಮೂರು ಉದಾಹರಣೆಗಳು

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಸ್ವಯಂಸೇವಕರ ಕೆಲಸ. 'ಸಿದ್ಧವಾದಾಗಲೇ ಬಿಡುಗಡೆ' ಎಂಬುದು ಅದರ ಪದ್ಧತಿ. ಅದರ 3.0 ಆವೃತ್ತಿ 2002ರ ಜುಲೈಯಲ್ಲಿ ಬಂದರೆ, 3.1 ಬಂದದ್ದು 2005ರ ಜೂನಿನಲ್ಲಿ. ಸುಮಾರು ಮೂರು ವರ್ಷ ಜನ ಕಾಯಬೇಕಾಯಿತು.

ಡೆಬಿಯನ್ನಿನ ಆಧಾರದ ಮೇಲೆಯೇ 2004ರಲ್ಲಿ ಹುಟ್ಟಿದ ಉಬುಂಟು, ಆರು ತಿಂಗಳಿಗೊಂದು ಬಿಡುಗಡೆ ಎಂಬ ಗಡುವು ಹಾಕಿಕೊಂಡಿತು. ಅದರ ಆವೃತ್ತಿಯ ಅಂಕೆಯೇ ವರ್ಷ ಮತ್ತು ತಿಂಗಳನ್ನು ಹೇಳುತ್ತದೆ. ಆದರೂ 2006ರ ಏಪ್ರಿಲಿನಲ್ಲಿ ಬರಬೇಕಾಗಿದ್ದುದನ್ನು, ಇನ್ನಷ್ಟು ಗಟ್ಟಿಗೊಳಿಸಲೆಂದು ಜೂನ್ 1ಕ್ಕೆ ಮುಂದೂಡಿದರು. ಆದುದರಿಂದ ಅದು 6.06 ಆಯಿತು.

ಫೆಡೋರಾ ವರ್ಷಕ್ಕೆ ಸುಮಾರು ಎರಡು ಸಲ ಬರುತ್ತದೆ. ಬಿಡುಗಡೆಗೆ ಮುನ್ನ ಸಭೆ ಸೇರಿ 'ಬಿಡಬಹುದೇ, ಬಾರದೇ' ಎಂದು ನಿರ್ಣಯಿಸುತ್ತಾರೆ. ಇಂತಿಂಥ ದೋಷವಿದ್ದರೆ ಬಿಡಕೂಡದೆಂದು ಮೊದಲೇ ಬರೆದಿಟ್ಟಿರುತ್ತಾರೆ. 2012ರ ನವೆಂಬರಿನಲ್ಲಿ ಬರಬೇಕಾಗಿದ್ದ ಫೆಡೋರಾ 18, ಹೊಸದಾಗಿ ಬರೆದ ಅನುಸ್ಥಾಪನಾ ಭಾಗ ಪಕ್ವವಾಗದ ಕಾರಣ 2013ರ ಜನವರಿ 15ಕ್ಕೆ ಬಂದಿತು.

ನಡುದಾರಿ

2009ರಲ್ಲಿ ಡೆಬಿಯನ್ ಒಂದು ಉಪಾಯ ಹಿಡಿಯಿತು: ಬಿಡುಗಡೆಯ ದಿನವನ್ನಲ್ಲ, ಬದಲಾವಣೆ ನಿಲ್ಲಿಸುವ ದಿನವನ್ನು ಗೊತ್ತುಪಡಿಸುವುದು. ನಾಸಿಕ ಜಿಲ್ಲೆಯ ಯೇವಲೆಯಲ್ಲಾಗಲಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಾಗಲಿ ಪೈಠಣಿ ನೇಯುವವನು ಮಗ್ಗಕ್ಕೆ ಹಾಸು ಏರಿಸಿದ ಮೇಲೆ ಸೀರೆಯ ಅಗಲ ಬದಲಿಸುವುದಿಲ್ಲ. ಹರಿದ ಎಳೆಯನ್ನು ಮಾತ್ರ ಗಂಟುಹಾಕುತ್ತಾನೆ. ಹಾಗೆಯೇ ಇಲ್ಲಿ, ಗೊತ್ತಾದ ದಿನದಿಂದ ಹಂತಹಂತವಾಗಿ ಹೊಸದನ್ನು ಸೇರಿಸುವುದು ನಿಂತು, ಕಡೆಗೆ ತಿದ್ದುಪಡಿ ಮಾತ್ರ ಉಳಿಯುತ್ತದೆ. ಡೆಬಿಯನ್ 13ಕ್ಕೆ ಈ ತಡೆ 2025ರ ಮಾರ್ಚ್ 15ರಂದು ಆರಂಭವಾಯಿತು, ಮೇ 15ರಿಂದ ಬಿಗಿಯಾಯಿತು. ಆಗಸ್ಟ್ 9ರಂದು ಬಿಡುಗಡೆಯಾಯಿತು.

ಕನ್ನಡಕ್ಕೂ ಇದರ ಸಂಬಂಧವುಂಟು. ಗ್ನೋಮ್ ಮುಂತಾದ ಯೋಜನೆಗಳಲ್ಲಿ, ತೆರೆಯ ಮೇಲೆ ಕಾಣುವ ವಾಕ್ಯಗಳನ್ನು ಬಿಡುಗಡೆಗೆ ಕೆಲವು ವಾರ ಮುಂಚೆಯೇ ಸ್ಥಿರಗೊಳಿಸುತ್ತಾರೆ. ಆ ಅವಧಿ ಅನುವಾದಕರದು. ಇವರಲ್ಲಿ ಬಹಳ ಮಂದಿ ಬಿಡುವಿನ ವೇಳೆಯಲ್ಲಿ ದುಡಿಯುವವರು. ಕೊನೆಯ ವಾರ ಯಾರಾದರೂ ವಾಕ್ಯ ಬದಲಿಸಿದರೆ, ಕನ್ನಡ ಇರಬೇಕಾದಲ್ಲಿ ಮತ್ತೆ ಇಂಗ್ಲಿಷ್ ಕಾಣುತ್ತದೆ. ಆದುದರಿಂದ ಗಡುವೆಂಬುದು ಬರಿಯ ಅವಸರವಲ್ಲ. ಹಲವರು ಬೇರೆಬೇರೆ ಊರುಗಳಲ್ಲಿ ಕುಳಿತು ಒಟ್ಟಿಗೆ ದುಡಿಯಲು ಅದೇ ಒಪ್ಪಂದ.

ನಾವು ಆರಿಸುವುದು ಹೇಗೆ?

ಹಾಜರಿ ಪಟ್ಟಿ, ಸಂಬಳದ ಲೆಕ್ಕ ಇರುವ ಯಂತ್ರ ಒಂದು ದಿನ ಕೆಟ್ಟರೆ ಊರಿಗೆ ಹೋಗಬೇಕಾದ ಹಣ ತಡವಾಗುತ್ತದೆ. ಅಲ್ಲಿ ಹೊಸತನಕ್ಕಿಂತ ನಂಬಿಕೆಯೇ ದೊಡ್ಡದು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಮೂರು ವರ್ಷ, ಮೇಲೆ ದೀರ್ಘಾವಧಿಯ ಎರಡು ವರ್ಷ ಬೆಂಬಲವಿರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ. ಫೆಡೋರಾಕ್ಕೆ ಸುಮಾರು ಹದಿಮೂರು ತಿಂಗಳು ಮಾತ್ರ. ಹೊಸದನ್ನು ಕಲಿಯಬಯಸುವವರಿಗೆ ಅದು ಯೋಗ್ಯ. ಸ್ಥಿರವೆಂದರೆ ಮುಟ್ಟದೆ ಬಿಡುವುದೆಂದು ಅರ್ಥವಲ್ಲ. ಸುರಕ್ಷತೆಯ ತಿದ್ದುಪಡಿಗಳನ್ನು ಆಗಾಗ ಹಾಕಿಕೊಳ್ಳಲೇಬೇಕು.

ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಡಿರಿ. ಪೆನ್ ಡ್ರೈವಿನಿಂದಲೇ ನಡೆಸಿ, ಕನ್ನಡ ಟೈಪಿಂಗ್ ಮತ್ತು ಪ್ರಿಂಟರ್ ನೋಡಿರಿ. ಸಂಬಳದ ವಾರದಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಉಬುಂಟು 24.04 ಯಾವ ವರ್ಷ, ಯಾವ ತಿಂಗಳಿನದು?
2. ಬಿಡುಗಡೆಯ ದಿನ ಗೊತ್ತುಮಾಡುವುದಕ್ಕೂ ಬದಲಾವಣೆ ನಿಲ್ಲಿಸುವ ದಿನ ಗೊತ್ತುಮಾಡುವುದಕ್ಕೂ ವ್ಯತ್ಯಾಸವೇನು?
3. ನಿಮ್ಮ ಕಚೇರಿಯ ಕೆಲಸಕ್ಕೆ ಯಾವ ಬಗೆ ಹೊಂದುವುದು? ಕಾರಣ ಕೊಡಿರಿ.