ಮಸಿಲೇಖನಿ: ಅಲ್ಪಮೌಲ್ಯದ ಲೇಖನಿಗಳ ಗುಣದೋಷ ವಿಚಾರ

ಲೇಖನಿ ಎಂಬ ಶಬ್ದವು ‘ಲಿಖ್’ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಗೀರುವುದು, ಕೆರೆಯುವುದು ಎಂಬುದೇ ಮೂಲಾರ್ಥ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಬಳಿಕ ದೀಪದ ಕಾಡಿಗೆಯನ್ನು ಸವರಿ ಒರೆಸಿದಾಗ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತಿದ್ದ ಕಾಲಕ್ಕೆ ಈ ಅರ್ಥವು ಯಥಾವತ್ತಾಗಿ ಸಲ್ಲುತ್ತಿತ್ತು. ಅನಂತರ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಸಿದ ಕಡತಗಳ ಮೇಲೆ ಬಳಪದಿಂದ ಬರೆಯುವ ಪದ್ಧತಿಯೂ ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂತಹ ಕಡತಗಳಲ್ಲಿಯೇ ಉಳಿದಿವೆ. ಬಟ್ಟೆಯ ಕಡತವು ಮರೆಯಾದರೂ ಅದರ ಹೆಸರು ಮಾತ್ರ ಸರ್ಕಾರಿ ಕಚೇರಿಗಳ ಮೇಜುಗಳ ಮೇಲೆ ಇಂದಿಗೂ ‘ವಿಲೇವಾರಿ’ಗಾಗಿ ಕಾದು ಕುಳಿತಿದೆ.

ಬರವಣಿಗೆಯ ಸಲಕರಣೆಗಳ ಹೆಸರುಗಳು ದೇಶದೇಶಗಳನ್ನು ಸುತ್ತಿ ಬಂದವು. ಶಾಯಿ ಎಂಬುದು ಪಾರಸಿಯ ‘ಸಿಯಾಹಿ’, ಎಂದರೆ ಕಪ್ಪು. ಹಾಗಿದ್ದ ಮೇಲೆ ‘ಕೆಂಪು ಶಾಯಿ’ ಎಂಬುದು ‘ಕೆಂಪು ಕಪ್ಪು’ ಎಂದಂತಾಯಿತು. ರೂಢಿಯ ಮುಂದೆ ವ್ಯುತ್ಪತ್ತಿಗೆ ಬಲವಿಲ್ಲ. ದೌತಿ, ಕಲಮುಗಳು ಅರಬ್ಬೀ ಮೂಲದವು, ಕಾಗದವು ಪಾರಸಿಯದು. ಪೆನ್ನು ಎಂಬುದು ಲ್ಯಾಟಿನ್ ಭಾಷೆಯಲ್ಲಿ ಹಕ್ಕಿಯ ಗರಿಗೆ ಇದ್ದ ಹೆಸರು. ನಿಬ್ಬು ಎಂದರೆ ಕೊಕ್ಕು. ಮಸಿಯೊಂದೇ ಈ ನೆಲದ ಹಳೆಯ ಮಾತಾಗಿ ಉಳಿದುಕೊಂಡಿದೆ.

ಪ್ರಕೃತ ವಿಚಾರವು ಶಬ್ದಗಳದ್ದಲ್ಲ, ವಸ್ತುವಿನದು. ವಾರ್ಷಿಕೋತ್ಸವದ ಸಂದರ್ಭದಲ್ಲಿ ಬಹುಮಾನವಾಗಿ ಮಕ್ಕಳಿಗೆ ಲೇಖನಿಗಳನ್ನು ಕೊಡುವ ಸಂಪ್ರದಾಯವು ನಮ್ಮ ವಿದ್ಯಾಸಂಸ್ಥೆಗಳಲ್ಲಿ ಹಳೆಯದು. ಶಿವಮೊಗ್ಗ, ಭದ್ರಾವತಿಗಳ ಉದಾರಿಗಳಾದ ದಾನಿಗಳು ಇದಕ್ಕೆ ಹಿಂದೆ ಬಿದ್ದವರಲ್ಲ. ಆದರೆ ಎಂತಹ ಲೇಖನಿಯನ್ನು ಕೊಡಬೇಕು, ಕೊಟ್ಟುದನ್ನು ಮಕ್ಕಳು ಬಳಸುತ್ತಾರೆಯೇ, ಬಳಸಿದರೆ ಪ್ರಯೋಜನವೇನು ಎಂಬ ವಿಷಯದಲ್ಲಿ ಅಧ್ಯಾಪಕರಲ್ಲಿಯೇ ಏಕಾಭಿಪ್ರಾಯವಿಲ್ಲ. ಮಸಿಲೇಖನಿಯು ಸಮವಸ್ತ್ರವನ್ನು ಕೆಡಿಸುತ್ತದೆ, ಪರೀಕ್ಷೆಯ ನಡುವೆ ಕೈಕೊಡುತ್ತದೆ, ಐದು ಹತ್ತು ರೂಪಾಯಿಗೆ ಬಾಲ್‌ಪೆನ್ನು ಸಿಕ್ಕುವಾಗ ಕೂಲಿಮಾಡುವ ತಂದೆತಾಯಿಗಳ ಮೇಲೆ ಈ ಹೊರೆ ಏತಕ್ಕೆ ಎಂಬುದು ಪೂರ್ವಪಕ್ಷ. ಈ ಆಕ್ಷೇಪಗಳಲ್ಲಿ ಕೊನೆಯದು ಗಂಭೀರವಾದುದು. ಅಗ್ಗವೂ ಬಾಳಿಕೆಯುಳ್ಳದ್ದೂ ಆದ ಲೇಖನಿಯನ್ನು ತೋರಿಸದೆ ‘ಮಸಿಯಲ್ಲಿಯೇ ಬರೆಯಿರಿ’ ಎಂದು ವಿಧಿಸುವುದು ನ್ಯಾಯವಾಗದು.

ಮೊದಲು ಲೇಖನಿಯು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಕೊಳವೆಯಲ್ಲಿರುವ ಶಾಯಿಯು ಸುಮ್ಮನೆ ಸುರಿದುಬಿಡದೆ ಬೇಕಾದಷ್ಟೇ ಇಳಿಯಲು ಕಾರಣ, ನಿಬ್ಬಿನ ನಡುವಣ ಸೀಳು ಹಾಗೂ ನಿಬ್ಬಿನ ಅಡಿಯಲ್ಲಿ ಕುಳಿತಿರುವ ಕಪ್ಪು ಕಡ್ಡಿಯ ಸಣ್ಣ ಕಾಲುವೆಗಳು. ದೀಪದ ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಈ ಸಣ್ಣ ಸಂದುಗಳು ಶಾಯಿಯನ್ನು ಸೆಳೆದು ತುದಿಗೆ ತರುತ್ತವೆ. ಇಳಿದ ಶಾಯಿಯ ಸ್ಥಾನಕ್ಕೆ ಅಷ್ಟೇ ಪ್ರಮಾಣದ ಗಾಳಿ ಒಳಗೆ ಹೋಗುತ್ತದೆ. ಗಾಳಿ ಶಾಯಿಗಳ ಈ ವಿನಿಮಯವನ್ನು ಹದಕ್ಕೆ ತಂದ ಅಮೆರಿಕದ ಲೂಯಿ ವಾಟರ್‌ಮನ್ನನು ತನ್ನ ಲೇಖನಿಗೆ ಸನ್ನದು ಪಡೆದದ್ದು 1884ರಲ್ಲಿ. ಮಕ್ಕಳು ದೂರುವ ‘ಕಕ್ಕುವಿಕೆ’ಗೂ ಕಾರಣ ಇಲ್ಲಿಯೇ ಇದೆ. ಕೊಳವೆಯಲ್ಲಿ ಶಾಯಿ ಕಡಿಮೆಯಾಗಿ ಗಾಳಿ ಹೆಚ್ಚಿದಾಗ, ಅಂಗೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಕೂಡಲೇ ಪುನಃ ತುಂಬಿಕೊಂಡರೆ ಈ ಉಪದ್ರವವು ಬಹುಮಟ್ಟಿಗೆ ತಪ್ಪುತ್ತದೆ. ಬಡಪಾಯಿ ಲೇಖನಿಯು ಅನೇಕ ವೇಳೆ ಹಸಿವಿನಿಂದ ಕಕ್ಕುತ್ತದೆಯೇ ಹೊರತು ಅಜೀರ್ಣದಿಂದಲ್ಲ.

ಬಾಲ್‌ಪೆನ್ನಿನ ಶಾಯಿಯು ಅಂಟಿನಂತೆ ಗಟ್ಟಿಯಾದುದು. ಗುಂಡು ಉರುಳಬೇಕಾದರೆ ಒತ್ತಲೇಬೇಕು. ಎಳೆಯ ಬೆರಳುಗಳು ಒತ್ತಿ ಒತ್ತಿ ಬರೆಯುವುದರಿಂದ ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಲ್ಲುವುದನ್ನೂ, ಬೆರಳು ನೋಯುತ್ತಿದೆಯೆಂದು ಮಕ್ಕಳು ಕೈ ಕೊಡವುವುದನ್ನೂ ತರಗತಿಯಲ್ಲಿ ನೋಡದ ಅಧ್ಯಾಪಕರಿಲ್ಲ. ಮಸಿಲೇಖನಿಗೆ ಅದರ ಭಾರವೇ ಸಾಕು. ಒತ್ತಿದರೆ ನಿಬ್ಬು ಕವಲೊಡೆಯುತ್ತದೆ. ಹಗುರವಾಗಿ ಬರೆಯುವುದನ್ನು ಉಪಾಧ್ಯಾಯರಿಗಿಂತ ಚೆನ್ನಾಗಿ ಲೇಖನಿಯೇ ಕಲಿಸುತ್ತದೆ.

ಕನ್ನಡ ಬರೆಯುವವರಿಗೆ ಇದರಲ್ಲಿ ವಿಶೇಷವಾದ ಪ್ರಯೋಜನವುಂಟು. ಹಾಗೆಯೇ ವಿಶೇಷವಾದ ತೊಡಕೂ ಉಂಟು. ನಮ್ಮ ಲಿಪಿಯು ದುಂಡು ದುಂಡಾದುದು. ನಿಲ್ಲದೆ ತಿರುಗುವ ಗೆರೆಗೆ ಮಸಿಯ ಜಾರುವಿಕೆ ಹಿತವಾಗಿ ಒದಗುತ್ತದೆ. ಆದರೆ ನಮ್ಮ ಅಕ್ಷರಗಳ ಭೇದವು ಅತಿಸೂಕ್ಷ್ಮವಾದ ಗುರುತುಗಳಲ್ಲಿ ಅಡಗಿದೆ. ದಕಾರದ ಅಡಿಯಲ್ಲಿ ಒಂದು ಸಣ್ಣ ಸೀಳನ್ನಿಟ್ಟರೆ ಧಕಾರ, ಹೊಟ್ಟೆಯಲ್ಲಿ ಚುಕ್ಕೆಯೂ ಸೇರಿದರೆ ಥಕಾರ; ರಕಾರದ ನಡುವೆ ಚುಕ್ಕೆಯಿಟ್ಟರೆ ಠಕಾರ. ಬಕಾರ ಭಕಾರಗಳಿಗೂ ಪಕಾರ ಫಕಾರಗಳಿಗೂ ಇರುವ ಅಂತರವು ಒಂದು ಎಳ್ಳಿನಷ್ಟು. ದಪ್ಪ ನಿಬ್ಬು ಹರಡುವ ಹಾಳೆಯ ಮೇಲೆ ಓಡಿದಾಗ ಈ ಎಳ್ಳಿನಷ್ಟು ಅಂತರವು ಮಸಿಯಲ್ಲಿ ಮುಳುಗುತ್ತದೆ. ಭಾರವು ಬಾರವಾಗುತ್ತದೆ, ಧನವು ದನವಾಗುತ್ತದೆ. ಮಹಾಪ್ರಾಣವನ್ನು ಬಲ್ಲ ಮಗುವೂ ಇಲ್ಲಿ ಅಂಕ ಕಳೆದುಕೊಳ್ಳುತ್ತದೆ. ಒತ್ತಕ್ಷರಗಳ ಕಷ್ಟವೂ ಇಂಥದೇ. ಗೆರೆಯ ಕೆಳಗಿನ ಇಕ್ಕಟ್ಟಿನ ಸ್ಥಳದಲ್ಲಿ ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಪದಗಳ ಎರಡೆರಡು ಒತ್ತುಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ತೆಳುವಾದ ನಿಬ್ಬೇ ಬೇಕು. ಇಂಗ್ಲಿಷ್ ಬರವಣಿಗೆಗೆ ಶೋಭಿಸುವ ಮಧ್ಯಮ ನಿಬ್ಬನ್ನು ಕನ್ನಡಕ್ಕೂ ಸಾಕೆಂದು ಕೊಳ್ಳುವವರು ಈ ಭೇದವನ್ನು ಗಮನಿಸಬೇಕು. ಲೇಖನಿಯ ಮೇಲಿನ ಹೆಸರಿಗಿಂತ ನಿಬ್ಬಿನ ತುದಿಯೇ ಇಲ್ಲಿ ಪ್ರಧಾನ.

ಲೇಖನಿಯನ್ನು ಬೈಯುವ ಮುನ್ನ ಕಾಗದವನ್ನೂ ಪರೀಕ್ಷಿಸಬೇಕು. ಈ ವಿಷಯದಲ್ಲಿ ಭದ್ರಾವತಿಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯು ಮಲೆನಾಡಿನ ಬಿದಿರನ್ನು ಕುದಿಸಿ ಅರೆದು ಬರೆಯುವ ಹಾಳೆಯನ್ನಾಗಿ ಮಾಡಿತು. 1980ರ ದಶಕದಲ್ಲಿ ಪತ್ರಿಕೆಗಳ ಕಾಗದವನ್ನೂ ಒದಗಿಸಿತು. 2015ರಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. ಪೇಪರ್‌ಟೌನಿನ ಮನೆಗಳಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಅದು ಕೇವಲ ವಾರ್ತೆಯಾಗಿರಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಇರಲಿ. ಕಾಗದವೆಂದರೆ ನಾರುಗಳ ಹೆಣಿಗೆ. ನಾರು ಸ್ವಭಾವತಃ ನೀರನ್ನು ಹೀರುವುದು. ಬರೆಯುವ ಕಾಗದಕ್ಕೆ ರಾಳ, ಪಟಿಕ ಮುಂತಾದುವುಗಳ ಹದ ಕೊಟ್ಟು ಈ ಹೀರುವಿಕೆಯನ್ನು ತಡೆಯುತ್ತಾರೆ. ಪತ್ರಿಕಾ ಕಾಗದಕ್ಕೆ ಆ ಹದವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಅದರ ಮೇಲೆ ಇಟ್ಟ ಮಸಿಯ ಚುಕ್ಕೆಗೆ ಬೇರುಗಳು ಮೂಡುತ್ತವೆ. ಬೆಲೆಯಿಳಿಸಲು ತಯಾರಿಸಿದ ಕಳಪೆ ನೋಟುಪುಸ್ತಕಗಳ ಸ್ಥಿತಿಯೂ ಇದೇ. ಮಳೆಗಾಲದಲ್ಲಿ ಹಾಳೆಯು ಗಾಳಿಯ ತೇವವನ್ನು ಹೀರಿ ಇನ್ನಷ್ಟು ಮೆತ್ತಗಾಗುವುದರಿಂದ, ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗದಲ್ಲಿ ಬೇಸಗೆಯಲ್ಲಿ ಹೊಂದಿದ್ದ ಲೇಖನಿಯು ಆಷಾಢದಲ್ಲಿ ಹೊಂದದೆ ಹೋಗಬಹುದು. ನೋಟುಪುಸ್ತಕಗಳನ್ನು ಒಟ್ಟಾಗಿ ಕೊಳ್ಳುವ ಶಾಲೆಗಳು ಒಂದು ಹಾಳೆಯ ಮೇಲೆ ‘ಭ’, ‘ಥ’, ‘ಷ್ಟ್ರ’ ಎಂದು ಮಸಿಯಲ್ಲಿ ಬರೆದು, ಹಿಂಬದಿಯನ್ನು ತಿರುವಿ ನೋಡಿ ಅನಂತರ ಬೆಲೆ ಮಾತಾಡುವುದು ಲೇಸು.

ಇನ್ನು ಲೇಖನಿಗಳ ವಿಚಾರ. ನಮ್ಮ ದೇಶದ ಅಗ್ಗದ ಲೇಖನಿಗಳಲ್ಲಿ ಫಿಲ್ಲರಿನಿಂದ ಶಾಯಿಯನ್ನು ನೇರವಾಗಿ ಕೊಳವೆಗೆ ಬಿಟ್ಟುಕೊಳ್ಳುವ ಜಾತಿಯೇ ಹಿರಿಯದು. ಗಾಂಧೀಜಿಯವರ ಸ್ವದೇಶೀ ಕರೆಗೆ ಓಗೊಟ್ಟು ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಎಬೊನೈಟ್ ಎಂಬ ಗಟ್ಟಿರಬ್ಬರನ್ನು ಚರಕಿಗೆ ಕೊಟ್ಟು ಕಡೆದು ಮಾಡಿದ ಲೇಖನಿಯು ಇದೇ ಜಾತಿಯದು. ಅದನ್ನು ಮೆಚ್ಚಿ ಗಾಂಧೀಜಿಯವರು 1935ರಲ್ಲಿ ಅವರಿಗೆ ಪತ್ರ ಬರೆದರು. ಈ ಜಾತಿಯಲ್ಲಿ ಕೆಡಬಲ್ಲ ಯಂತ್ರಭಾಗವೆಂಬುದೇ ಇಲ್ಲ. ನಿಬ್ಬು ಹೋದರೆ ನಿಬ್ಬು, ಕಡ್ಡಿ ಹೋದರೆ ಕಡ್ಡಿ. ಬೇರೆ ಬೇರೆಯಾಗಿಯೇ ಬದಲಿಸಬಹುದು. ಕೊಳವೆಯು ಮೂರು ಮಿಲಿಲೀಟರಿನಷ್ಟು ಶಾಯಿ ಹಿಡಿದರೆ 60 ಮಿಲಿಲೀಟರಿನ ಒಂದು ಸೀಸೆಯಿಂದ ಇಪ್ಪತ್ತು ಸಲ ತುಂಬಬಹುದು. ದಿನಕ್ಕೆ ನಾಲ್ಕೈದು ಪುಟ ಬರೆಯುವ ಮಗುವಿಗೆ ಒಂದು ತುಂಬು ವಾರ ಕಳೆದರೂ ಮುಗಿಯದು. ದೋಷವೆಂದರೆ ಮೇಲೆ ಹೇಳಿದ ಕಕ್ಕುವಿಕೆ, ಹಾಗೂ ಮರೆಯ ತಿರುಪು ಸಡಿಲವಾದರೆ ಬೆರಳಿಗೆ ಹತ್ತುವ ಮಸಿ.

ಮುಂಬಯಿಯ ಕ್ಯಾಮ್ಲಿನ್ ಸಂಸ್ಥೆಯು ಮಕ್ಕಳಿಗಾಗಿಯೇ ಮಾಡುವ ಪ್ಲಾಸ್ಟಿಕ್ ಲೇಖನಿಗಳು ಹಗುರ, ಅಗ್ಗ, ಊರೂರಿನ ಅಂಗಡಿಗಳಲ್ಲಿ ಸಿಕ್ಕುವಂಥವು. ಆರಂಭದ ಅಭ್ಯಾಸಕ್ಕೆ ಇವು ಯೋಗ್ಯ. ಆದರೆ ಎರಡು ಸಲ ಸಿಮೆಂಟಿನ ನೆಲಕ್ಕೆ ಬಿದ್ದರೆ ಮುಚ್ಚಳ ಸೀಳುತ್ತದೆ. ಚೀನಾದಿಂದ ಬಂದು ಒಂದು ಕಾಲಕ್ಕೆ ಮೇಷ್ಟರ ಜೇಬುಗಳನ್ನೆಲ್ಲ ಅಲಂಕರಿಸಿದ್ದ ಹೀರೋ ಲೇಖನಿಯ ಗುಣ ಬೇರೆ. ಅದರ ನಿಬ್ಬು ತುದಿಯೊಂದನ್ನುಳಿದು ಮಿಕ್ಕೆಲ್ಲವನ್ನೂ ಮರೆಮಾಡಿಕೊಂಡಿರುವುದರಿಂದ ಮಸಿ ಬೇಗ ಒಣಗದು. ಕರಿಹಲಗೆಯ ಮೇಲೆ ಬರೆದು, ವಿವರಿಸಿ, ಮತ್ತೆ ಹಾಜರಿ ಪುಸ್ತಕಕ್ಕೆ ಹಿಂದಿರುಗುವ ಅಧ್ಯಾಪಕನಿಗೆ ಇದು ಅನುಕೂಲ. ತೆಳುವಾದ ಗೆರೆಯೂ ಕನ್ನಡಕ್ಕೆ ಹೊಂದುತ್ತದೆ. ಆದರೆ ಅದೇ ಹೆಸರಿನ ನಕಲುಗಳು ಧಾರಾಳವಾಗಿ ಬಂದುದರಿಂದ ಒಂದರಂತೆ ಇನ್ನೊಂದಿಲ್ಲ. ನಿಬ್ಬು ಮರೆಯಲ್ಲಿರುವುದರಿಂದ ಚಿಕ್ಕ ಮಕ್ಕಳು ಅದನ್ನು ವಾರೆಯಾಗಿ ಹಿಡಿಯುವುದೂ ಉಂಟು. ಶಾಯಿ ಮುಗಿದೊಡನೆ ಎಸೆಯಬೇಕಾದ ಲೇಖನಿಗಳು ಸೊಗಸಾಗಿ ಬರೆಯಬಹುದಾದರೂ ಇಲ್ಲಿ ಪರಿಗಣನೆಗೆ ಅರ್ಹವಲ್ಲ. ಬಾಲ್‌ಪೆನ್ನಿನ ಕಸವನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದರಿಂದ ಬಂದ ಭಾಗ್ಯವೇನು?

ಅಂಗಡಿಯಲ್ಲಿ ಆರಿಸುವಾಗ ಬಣ್ಣವನ್ನೂ ಚಿನ್ನದ ಲೇಪವನ್ನೂ ನೋಡುವ ಬದಲು, ನಿಬ್ಬಿನ ಎರಡು ಕವಲುಗಳು ಸಮನಾಗಿ ಕೂಡಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಅದ್ದಿ ಬರೆದು, ಸೊನ್ನೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿದಾಗ ಯಾವ ಕಡೆಗೂ ಕೆರೆಯಬಾರದು. ಶಿವಮೊಗ್ಗದ ಗಾಂಧಿ ಬಜಾರಿನಂತಹ ಪೇಟೆಯಲ್ಲಿ ನಿಂತು ಕೊಳ್ಳುವವರಿಗೆ ಈ ಪರೀಕ್ಷೆ ಸಾಧ್ಯ. ಮುಚ್ಚಿದ ಪೊಟ್ಟಣವನ್ನು ತರಿಸಿಕೊಳ್ಳುವವರಿಗೆ ಸಾಧ್ಯವಿಲ್ಲ. ನೂರಿನ್ನೂರು ರೂಪಾಯಿಗಳೊಳಗೆ ಇಂತಹ ಲೇಖನಿ ಸಿಕ್ಕುತ್ತದೆ. ದಾನಿಗಳು ಒಬ್ಬ ವಿದ್ಯಾರ್ಥಿಗೆ ಹೆಸರು ಕೆತ್ತಿಸಿದ ಬೆಲೆಬಾಳುವ ಲೇಖನಿಯನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರೆ ಅದು ಬೀರುವಿನಲ್ಲಿ ಪೂಜೆಗೊಳ್ಳುವುದೇ ಹೆಚ್ಚು. ಅದೇ ಹಣದಲ್ಲಿ ಹತ್ತು ಮಕ್ಕಳಿಗೆ ಸಾದಾ ಲೇಖನಿಗಳನ್ನೂ, ತರಗತಿಗೊಂದು ಶಾಯಿಯ ಸೀಸೆಯನ್ನೂ, ಒಂದಿಷ್ಟು ಬಿಡಿ ನಿಬ್ಬುಗಳನ್ನೂ ಒದಗಿಸಬಹುದು. ಪೂರ್ವಪಕ್ಷದವರು ಎತ್ತಿದ ಖರ್ಚಿನ ಆಕ್ಷೇಪಕ್ಕೆ ಇದೇ ಸಮಾಧಾನ: ಸೀಸೆಯು ಶಾಲೆಯದಾಗಲಿ, ಬರವಣಿಗೆ ಮಗುವಿನದಾಗಲಿ. ಸಮವಸ್ತ್ರದ ಕಲೆಗೆ ಮಾತ್ರ ಸಮಾಧಾನವಿಲ್ಲ. ತೊಳೆದರೆ ಹೋಗುವ ನೀಲಿ ಶಾಯಿಯನ್ನು ಮಕ್ಕಳಿಗೆ ಕೊಟ್ಟು ತಾಯಂದಿರ ಕೋಪವನ್ನು ತಗ್ಗಿಸಬಹುದು.

ಒಂದು ಅಪವಾದವನ್ನು ಹೇಳಲೇಬೇಕು. ಎಡಗೈಯಲ್ಲಿ ಬರೆಯುವ ಮಗುವಿನ ಅಂಗೈ ಆಗತಾನೇ ಬರೆದ ಹಸಿ ಅಕ್ಷರಗಳ ಮೇಲೆಯೇ ಸಾಗುತ್ತದೆ. ಅಂತಹ ಮಗುವಿಗೆ ಮಸಿಲೇಖನಿಯನ್ನು ಕಡ್ಡಾಯ ಮಾಡುವುದು, ಕೊಳೆಯಾದ ಪುಟಕ್ಕಾಗಿ ಗದರುವುದು, ಅದಕ್ಕಿಂತ ಹೆಚ್ಚಾಗಿ ಕೈ ಬದಲಿಸೆಂದು ಒತ್ತಾಯಿಸುವುದು ಸರಿಯಲ್ಲ. ಬೇಗ ಒಣಗುವ ಬೇರೆ ಲೇಖನಿಯನ್ನು ಅದು ಬಳಸಿಕೊಳ್ಳಲಿ. ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೂ ಸೀಸದಕಡ್ಡಿಯೇ ಸಾಕು.

ಮಕ್ಕಳ ನೋಟುಪುಸ್ತಕಕ್ಕೆ ಸಲ್ಲುವ ಶಾಯಿಯು ಶಾಲೆಯ ಕಚೇರಿಗೆ ಸಲ್ಲದು. ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರು, ಜನ್ಮದಿನಾಂಕಗಳಿಗಾಗಿ ಹಳೆಯ ವಿದ್ಯಾರ್ಥಿಗಳು ಮೂವತ್ತು ನಲವತ್ತು ವರ್ಷಗಳ ಮೇಲೆಯೂ ಬರುತ್ತಾರೆ. ಪಿಂಚಣಿಯೋ ಆಸ್ತಿಯ ವಿಭಾಗವೋ ಆ ಒಂದು ಸಾಲನ್ನು ನೆಚ್ಚಿರಬಹುದು. ತೊಳೆದರೆ ಹೋಗುವ ನೀಲಿಯಲ್ಲಿ ಬರೆದ ಸಾಲು ಒಂದು ಮಳೆಗಾಲದ ಸೋರಿಕೆಗೆ ಅಳಿಸಿಹೋದೀತು, ಬೆಳಕಿಗೆ ಮಾಸೀತು. ಅನ್ನಭೇದಿಯನ್ನೂ ಮಾಚಿಕಾಯಿ ಅಥವಾ ಅಳಲೆಕಾಯಿಯ ಒಗರನ್ನೂ ಕೂಡಿಸಿ ಮಾಡುವ ಪುರಾತನ ಕಬ್ಬಿಣದ ಶಾಯಿಯು ಇದಕ್ಕೆ ವಿರುದ್ಧ ಸ್ವಭಾವದ್ದು. ಬರೆಯುವಾಗ ತೆಳುವಾಗಿ ಕಂಡು, ಗಾಳಿ ತಗುಲಿದಂತೆಲ್ಲ ಕಪ್ಪಾಗುತ್ತ ನಾರಿನೊಳಗೆ ಬೇರೂರುತ್ತದೆ. ಆದರೆ ಅದು ಆಮ್ಲಯುಕ್ತವಾದುದು; ಅದ್ದಿ ಬರೆಯುವುದಕ್ಕೆಂದು ಮಾಡಿದ ಗಾಢವಾದ ಬಗೆಯನ್ನು ಮಸಿಲೇಖನಿಗೆ ಹಾಕಿದರೆ ನಿಬ್ಬನ್ನು ತಿನ್ನುತ್ತದೆ, ಕಾಲುವೆಯಲ್ಲಿ ಗಷ್ಟು ಕಟ್ಟುತ್ತದೆ. ಚಿತ್ರ ಬರೆಯುವ ಅರಗಿನ ಶಾಯಿಯಂತೂ ಲೇಖನಿಗೆ ವಿಷವೇ ಸರಿ. ಮಸಿಲೇಖನಿಗೆಂದೇ ತಯಾರಿಸಿದ ಅಳಿಯದ ನೀಲಿಗಪ್ಪು ಶಾಯಿಯ ಒಂದು ಸೀಸೆಯನ್ನೂ, ಅದಕ್ಕೇ ಮೀಸಲಾದ ಒಂದು ಲೇಖನಿಯನ್ನೂ ಕಚೇರಿಯಲ್ಲಿ ಬೇರೆಯಾಗಿಟ್ಟುಕೊಳ್ಳಬೇಕು. ಎರಡು ಬಗೆಯ ಶಾಯಿಗಳನ್ನು ಒಂದರೊಳಗೊಂದು ಬೆರೆಸಬಾರದು.

ಏಪ್ರಿಲ್ ತಿಂಗಳ ರಜೆಗೆ ಮುಂಚೆ ಪ್ರತಿ ಮಗುವಿನ ಲೇಖನಿಯನ್ನೂ ಶಾಲೆಯ ನಲ್ಲಿಯ ಬಳಿಯಲ್ಲಿಯೇ ಬಿಚ್ಚಿಸಿ ತೊಳೆಸತಕ್ಕದ್ದು. ಉಳಿದ ಶಾಯಿಯನ್ನು ಚೆಲ್ಲಿ, ನಿಬ್ಬಿನ ಭಾಗವನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಯಿಟ್ಟು, ನೀರು ತಿಳಿಯಾಗುವವರೆಗೂ ಬದಲಿಸಿ, ಹಳೆಯ ಹತ್ತಿಬಟ್ಟೆಯ ಮೇಲೆ ಕೆಳಮುಖವಾಗಿ ನಿಲ್ಲಿಸಿ ಒಣಗಿಸಬೇಕು. ಬಿಸಿನೀರು ಕೂಡದು, ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಎಬೊನೈಟಿನ ಕಪ್ಪು ಮಂಕಾಗುತ್ತದೆ. ನಿಬ್ಬಿನ ಸೀಳಿಗೆ ಬ್ಲೇಡು ತೂರಿಸುವ ಹಳೆಯ ಕೈಚಳಕವನ್ನು ಮಕ್ಕಳಿಗೆ ಕಲಿಸದಿರುವುದೇ ಮೇಲು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹೊಸ ಶಾಯಿ ತುಂಬಿ, ಕಾಗದದ ಮೇಲೆ ತುದಿಯನ್ನು ಒಂದು ಕ್ಷಣ ಊರಿ ನಿಲ್ಲಿಸಿದರೆ ಮಸಿ ತಾನಾಗಿ ಇಳಿಯುತ್ತದೆ. ಝಾಡಿಸಿ ಪಕ್ಕದವರ ಅಂಗಿಗೆ ಸಿಡಿಸುವ ಅವಶ್ಯಕತೆಯಿಲ್ಲ.